ಏಳನೆಯ ತರಗತಿಗೆ ನಿಂತ ಮಣ್ಣು: ಚಿಕ್ಕೋಡಿ ಸೀಮೆಯ ಪ್ರೌಢಶಾಲೆ ಮತ್ತು ಮೃತ್ಕಲೆಯ ಬೋಧನೆ

ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡಗಳು ಇಂದು ಐದು ತಾಲ್ಲೂಕುಗಳಾಗಿದ್ದರೂ ಹಿಂದೆ ಮೂರೇ ಆಗಿದ್ದವು. ಚಿಕ್ಕೋಡಿಯಿಂದ ನಿಪ್ಪಾಣಿಯೂ ಅಥಣಿಯಿಂದ ಕಾಗವಾಡವೂ ಬೇರ್ಪಟ್ಟು ಹೊಸ ತಾಲ್ಲೂಕುಗಳಾಗಿ ಘೋಷಣೆಯಾದದ್ದು ೨೦೧೭-೧೮ರ ರಾಜ್ಯ ಮುಂಗಡಪತ್ರದಲ್ಲಿ. ಶಾಲಾ ಶಿಕ್ಷಣದ ಮಟ್ಟಿಗೆ ಇವೆಲ್ಲವೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರುತ್ತವೆ. ಭೂಮಿಯ ಮಟ್ಟಿಗೂ ಇವು ಒಂದೇ ಸೀಮೆ: ದಖ್ಖನ್ನಿನ ಕರಿಗಲ್ಲಿನ ಮೇಲೆ ಹಾಸಿದ ಎರೆಮಣ್ಣು, ಅದರ ನಡುವೆ ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳ ಹೊಳೆಸಾಲು, ಹೊಳೆಸಾಲಿನಲ್ಲಿ ಕಬ್ಬು, ನಿಪ್ಪಾಣಿಯ ಕಡೆ ತಂಬಾಕು. ಮಣ್ಣನ್ನು ಕುರಿತು ಇಲ್ಲಿನ ಒಕ್ಕಲುತನಕ್ಕೆ ಇರುವಷ್ಟು ಸೂಕ್ಷ್ಮ ತಿಳಿವಳಿಕೆ ಇಲ್ಲಿನ ಪ್ರೌಢಶಾಲೆಯ ಕಲಾಬೋಧನೆಗೆ ಏಕೆ ದಕ್ಕಲಿಲ್ಲ ಎಂಬ ಪ್ರಶ್ನೆಯನ್ನು ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ.

ಈ ಸೀಮೆಯ ಮಗುವಿಗೆ ಮಣ್ಣಿನ ಶಿಲ್ಪದ ಮೊದಲ ಪಾಠವಾಗುವುದು ಪಂಚಾಂಗದಿಂದ. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದ ಪಂಚಮಿಗೆ ನಾಗಪ್ಪ, ಭಾದ್ರಪದದ ಚೌತಿಗೆ ಗಣಪತಿ, ಅದರ ಬೆನ್ನಿಗೇ ಅಷ್ಟಮಿಯಿಂದ ಹುಣ್ಣಿಮೆಯವರೆಗೆ ಜೋಕುಮಾರ, ಕೊನೆಗೆ ದೀಪಾವಳಿಯ ಪಣತಿ. ಮರಾಠಿ ಮನೆಗಳಲ್ಲಿ ಬೇಂದೂರ ಹಬ್ಬಕ್ಕೂ ಮಣ್ಣಿನ ಎತ್ತುಗಳೇ ಪೂಜೆಗೊಳ್ಳುತ್ತವೆ. ಈ ಸಾಲನ್ನು ಶಾಲೆಯ ವೇಳಾಪಟ್ಟಿಯ ಪಕ್ಕಕ್ಕಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಜೂನ್ ತಿಂಗಳಲ್ಲಿ ತೆರೆಯುವ ಶಾಲೆಯ ಮೊದಲ ಅವಧಿಯೂ ಈ ಮಣ್ಣಿನ ಹಬ್ಬಗಳ ಅವಧಿಯೂ ಹೆಚ್ಚುಕಡಿಮೆ ಒಂದೇ. ಮಳೆಗೆ ಮಣ್ಣು ಹದವಾಗಿರುವ ಕಾಲವೂ ಅದೇ. ಹೀಗೆ ಸಿದ್ಧವಾಗಿಯೇ ದೊರೆಯುವ ಪಠ್ಯಕ್ರಮವನ್ನು ಶಾಲೆಯು ರಜೆಯ ದಿನಗಳ ಪಟ್ಟಿಯಾಗಿ ಮಾತ್ರ ಬಳಸಿಕೊಂಡಿದೆ.

ಮಣ್ಣೆತ್ತನ್ನು ಜಾನಪದದ ಅಧ್ಯಯನಗಳು ಸಾಮಾನ್ಯವಾಗಿ ಆಚರಣೆಯ ಅಂಗವಾಗಿ ನೋಡುತ್ತವೆ. ಶಿಲ್ಪವಾಗಿ ನೋಡುವುದು ವಿರಳ. ಒಂದು ಹಿಡಿ ಎರೆಮಣ್ಣಿನ ಮುದ್ದೆಯಿಂದ ಆರಂಭವಾಗುವ ಈ ರೂಪದಲ್ಲಿ ಸೇರಿಸುವುದು ಕಡಿಮೆ, ಎಳೆಯುವುದು ಹೆಚ್ಚು. ಮುದ್ದೆಯ ಕೆಳಗಿನಿಂದ ನಾಲ್ಕು ಕಾಲುಗಳನ್ನು ಚಿವುಟಿ ಎಳೆದು, ಮೇಲಿನಿಂದ ಹಿಣಿಲನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ ಎತ್ತಿ, ಮುಂದಕ್ಕೆ ಕುತ್ತಿಗೆಯನ್ನು ಹೊರಳಿಸಿದರೆ ಎತ್ತು ನಿಲ್ಲುತ್ತದೆ. ಕಾಲುಗಳು ಗಿಡ್ಡವಾಗಿರುವುದು ಕೈಗೆ ಬಾರದ ಕಾರಣದಿಂದಲ್ಲ. ಹಸಿ ಎರೆಮಣ್ಣು ಉದ್ದ ಕಾಲಿನ ಮೇಲೆ ಭಾರ ತಡೆಯಲಾರದು. ಹಿಣಿಲು ನಿಜಕ್ಕಿಂತ ದೊಡ್ಡದಾಗುವುದೂ ಹಾಗೆಯೇ: ಎತ್ತಿನ ಬಲ ಎಲ್ಲಿದೆ ಎಂದು ಒಕ್ಕಲಿಗನ ಕಣ್ಣು ಬಲ್ಲುದೋ ಅಲ್ಲಿ ಮಣ್ಣು ಹೆಚ್ಚು ನಿಂತಿರುತ್ತದೆ. ಕಣ್ಣು, ಮೂಗು, ಗೊರಸುಗಳ ವಿವರ ಬೇಡವೆಂದು ಬಿಟ್ಟ ಧೈರ್ಯವೂ ಇಲ್ಲಿದೆ. ಎತ್ತು ಒಂಟಿಯಾಗಿರುವುದಿಲ್ಲ, ಜೋಡಿಯಾಗಿರುತ್ತದೆ. ಮುಂದೆ ಗ್ವಾದಲಿ ಇರುತ್ತದೆ. ಎರಡು ರೂಪಗಳ ನಡುವಿನ ತೆರವು ಕೂಡ ರಚನೆಯ ಭಾಗವೇ ಆಗಿದೆ. ಆಧುನಿಕ ಶಿಲ್ಪವಿಮರ್ಶೆಯು ಮಾಧ್ಯಮಕ್ಕೆ ನಿಷ್ಠವಾದ ರೂಪ ಎಂದು ಯಾವುದನ್ನು ಕರೆಯುತ್ತದೆಯೋ ಅದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ದೊರೆಯುವುದು ಕಷ್ಟ.

ಗುಳ್ಳವ್ವನಲ್ಲಿ ಬೇರೊಂದು ತತ್ತ್ವವಿದೆ. ಅಲ್ಲಿ ಮಣ್ಣು ದೇಹದ ಆಕಾರವನ್ನು ಅನುಕರಿಸದೆ ಗೋಪುರದಂತೆ ಏರುತ್ತದೆ; ಗುಲಗಂಜಿಯಂಥ ಬೀಜಗಳನ್ನು ಹಸಿ ಮೈಗೆ ಚುಚ್ಚಿ ಅಲಂಕರಿಸುವುದರಿಂದ ಮೇಲ್ಮೈ ಎಂಬುದು ಪ್ರತ್ಯೇಕ ವಿಷಯವಾಗಿ ಮಗುವಿನ ಗಮನಕ್ಕೆ ಬರುತ್ತದೆ. ಜೋಕುಮಾರನಂತೂ ಇಡೀ ಪ್ರದೇಶದ ಮೃಣ್ಮೂರ್ತಿಗಳಲ್ಲಿ ಅತ್ಯಂತ ಪ್ರಬಲವಾದದ್ದು. ಕುಂಬಾರರ ಮನೆಯಲ್ಲಿ ರೂಪುಗೊಂಡು ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಹೆಣ್ಣುಮಕ್ಕಳ ತಲೆಯ ಮೇಲೆ ಮನೆಮನೆಗೆ ಹೋಗುವ ಈ ಮೂರ್ತಿಯ ಅಗಲ ಮುಖ, ಬೆಣ್ಣೆ ಸವರಿದ ತುಟಿ, ಮುಚ್ಚುಮರೆಯಿಲ್ಲದ ಫಲಶಕ್ತಿಯ ಚಿಹ್ನೆ ಇವೆಲ್ಲವೂ ಉತ್ಪ್ರೇಕ್ಷೆಯ ವ್ಯಾಕರಣವನ್ನು ಕಲಿಸಬಲ್ಲವು. ಆದರೆ ಶಾಲೆಯ ಕಲಾಕೋಣೆಗೆ ಜೋಕುಮಾರ ಬಾರನು. ಹದಿಹರೆಯದ ಮಕ್ಕಳ ಮುಂದೆ ಅವನನ್ನು ಹೇಗೆ ಇಡುವುದೆಂಬ ಸಂಕೋಚ ಅರ್ಥವಾಗುವಂಥದೇ. ಆದರೂ ಊರಿನ ಅಂಗಳದಲ್ಲಿ ಆ ಮಕ್ಕಳೇ ಅವನ ಹಾಡನ್ನು ಕೇಳಿ ಬೆಳೆದವರು ಎಂಬುದನ್ನು ಮರೆತು ಶಾಲೆ ಕಾಪಾಡಿಕೊಂಡ ಮಾನದಿಂದ ಕಲೆಗೆ ಲಾಭವಾಗಿಲ್ಲ.

ಶಾಲೆಯೊಳಗೆ ಮಣ್ಣಿಗೆ ಜಾಗವೇ ಇಲ್ಲವೆನ್ನಲಾಗದು. ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿಯಲ್ಲಿ ಪ್ರಾಥಮಿಕ ಹಂತದ ಮಕ್ಕಳಿಗೆ ಕ್ಲೇ ಮಾಡೆಲಿಂಗ್ ಸ್ಪರ್ಧೆಯಿದೆ. ಎಂಟನೆಯ ತರಗತಿಯಿಂದ ಮುಂದಿನ ವಿಭಾಗಕ್ಕೆ ಬಂದಾಗ ದೃಶ್ಯಕಲೆಯ ಪ್ರತಿನಿಧಿಗಳಾಗಿ ಉಳಿಯುವುದು ಚಿತ್ರಕಲೆ ಮತ್ತು ರಂಗೋಲಿ. ಇದರ ಹಿಂದೆ ಯಾರೂ ಬರೆದಿಡದ ಒಂದು ನಂಬಿಕೆ ಕೆಲಸ ಮಾಡುತ್ತಿದೆ: ಮಣ್ಣು ಎಂದರೆ ಎಳೆಯ ಮಕ್ಕಳ ಆಟ, ದೊಡ್ಡವರಾದಂತೆ ಅದನ್ನು ಬಿಟ್ಟು ಕಾಗದಕ್ಕೆ ಬರಬೇಕು. ವಸ್ತುತಃ ಇದು ತಿರುಗುಮುರುಗು. ಮಣ್ಣಿನ ನಿಜವಾದ ಕಷ್ಟಗಳು, ಅಂದರೆ ಒಣಗುವಾಗಿನ ಕುಗ್ಗುವಿಕೆ, ಟೊಳ್ಳು ರೂಪದ ಗೋಡೆಯ ಸಮತೆ, ಬೆಂಕಿಯ ಲೆಕ್ಕ, ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿಯೇ ಬುದ್ಧಿಗೆ ಎಟಕುವಂಥವು. ಕೈಗೆ ಬಲವೂ ಬುದ್ಧಿಗೆ ವಿಜ್ಞಾನವೂ ಬರುವ ಹೊತ್ತಿಗೆ ಸರಿಯಾಗಿ ಮಣ್ಣನ್ನು ಮಗುವಿನಿಂದ ಕಿತ್ತುಕೊಳ್ಳಲಾಗುತ್ತದೆ.

ಈ ಸ್ಥಿತಿಯ ಮೂಲವನ್ನು ಹುಡುಕುವವರು ಮುಂಬೈ ಪ್ರಾಂತದ ಕಲಾಶಿಕ್ಷಣದ ಕಡೆ ನೋಡಬೇಕಾಗುತ್ತದೆ. ೧೯೫೬ರವರೆಗೆ ಈ ಪ್ರದೇಶವು ಆ ಆಡಳಿತದಲ್ಲಿತ್ತು. ೧೮೫೭ರಲ್ಲಿ ಆರಂಭವಾದ ಮುಂಬೈಯ ಸರ್ ಜೆ.ಜೆ. ಕಲಾಶಾಲೆಯಲ್ಲಿ ಮಣ್ಣಿಗೆ ಆರಂಭದಿಂದಲೂ ಗೌರವದ ಸ್ಥಾನವಿತ್ತು. ೧೮೬೫ರಲ್ಲಿ ಅಲ್ಲಿಗೆ ಬಂದ ಲಾಕ್‌ವುಡ್ ಕಿಪ್ಲಿಂಗ್ ಕಲಿಸುತ್ತಿದ್ದುದು ವಾಸ್ತುಶಿಲ್ಪಕ್ಕೆ ಬೇಕಾದ ಮೂರ್ತಿರಚನೆಯನ್ನು; ಮೇಲ್ವಿಚಾರಕನಾಗಿದ್ದ ಜಾರ್ಜ್ ವಿಲ್ಕಿನ್ಸ್ ಟೆರಿ ಅಲ್ಲಿ ಮೆರುಗಿನ ಕುಂಬಾರಿಕೆಯ ಕಾರ್ಯಾಗಾರವನ್ನೇ ನಡೆಸಿದನು. ಆದರೆ ರಾಜಧಾನಿಯಿಂದ ಮೊಫಸಿಲ್ ಪ್ರೌಢಶಾಲೆಗೆ ಇಳಿದು ಬಂದದ್ದು ಪೆನ್ಸಿಲಿನ ಪರೀಕ್ಷೆಗಳು, ಮಣ್ಣಲ್ಲ. ಕಾಗದವನ್ನು ಅಂಚೆಯಲ್ಲಿ ಕಳುಹಿಸಬಹುದು, ಒಂದೆಡೆ ಕುಳಿತು ಸಾವಿರ ಹಾಳೆಗಳಿಗೆ ಅಂಕ ಹಾಕಬಹುದು. ಹಸಿ ಮಣ್ಣಿನ ಮೂರ್ತಿಗೆ ಆ ಅನುಕೂಲವಿಲ್ಲ. ಆಡಳಿತದ ಈ ಸಣ್ಣ ಸೌಕರ್ಯವೇ ಒಂದು ಕಲಾಮಾಧ್ಯಮದ ಹಣೆಬರಹವನ್ನು ನಿರ್ಧರಿಸಿತೆಂದರೆ ಅತಿಶಯೋಕ್ತಿಯಾಗದು. ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿಯವರಂಥ ಗುರು ‘ಚಿತ್ರಮಂದಿರ’ದ ಮೂಲಕ ರವಿ ಪರಾಂಜಪೆಯವರಂಥ ಚಿತ್ರಕಾರರನ್ನು ರೂಪಿಸಿದರು. ಜಿಲ್ಲೆಯ ಚಿತ್ರಕಲೆಗೆ ಒದಗಿದ ಈ ಭಾಗ್ಯ ಮೃತ್ಕಲೆಗೆ ಒದಗಲಿಲ್ಲ. ಏಕೀಕರಣದ ನಂತರ ಕರ್ನಾಟಕದ ಲೋವರ್ ಮತ್ತು ಹೈಯರ್ ಗ್ರೇಡ್ ಚಿತ್ರಕಲಾ ಪರೀಕ್ಷೆಗಳು ಹಳೆಯ ಪರೀಕ್ಷೆಗಳ ಜಾಗವನ್ನು ತುಂಬಿದರೂ ಮಾಧ್ಯಮ ಕಾಗದವಾಗಿಯೇ ಉಳಿಯಿತು. ೬೨೫ ಅಂಕಗಳ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಂತೂ ಚಿತ್ರಕ್ಕೂ ಅಂಕವಿಲ್ಲ, ಮಣ್ಣಿಗೂ ಇಲ್ಲ.

ನೀತಿಯ ದಾಖಲೆಗಳು ಇದಕ್ಕೆ ವಿರುದ್ಧವಾದ ಮಾತನ್ನೇ ಆಡುತ್ತ ಬಂದಿವೆ. ೧೯೩೭ರ ವಾರ್ಧಾ ಯೋಜನೆಯು ಕೈಕಸುಬನ್ನು ಕಲಿಕೆಯ ನಡುವಿಗೆ ತಂದಿತು. ಶಾಂತಿನಿಕೇತನದಲ್ಲಿ ಕಲಿತ ದೇವಿಪ್ರಸಾದ್ ೧೯೪೪ರಿಂದ ಸೇವಾಗ್ರಾಮದಲ್ಲಿ ಕಲಾಶಿಕ್ಷಕರಾಗಿದ್ದು, ಮುಂದೆ ಕುಂಬಾರಿಕೆಯನ್ನೇ ತಮ್ಮ ಮಾಧ್ಯಮವಾಗಿ ಸ್ವೀಕರಿಸಿದರು. ‘ಆರ್ಟ್: ದ ಬೇಸಿಸ್ ಆಫ್ ಎಜುಕೇಶನ್’ ಎಂಬ ಅವರ ಗ್ರಂಥದ ಹೆಸರೇ ಅವರ ನಿಲುವನ್ನು ಸ್ಪಷ್ಟಪಡಿಸುತ್ತದೆ. ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆಯನ್ನು ಕಡ್ಡಾಯ ವಿಷಯವಾಗಿಸಬೇಕೆಂದಿತು. ೨೦೧೫ರಲ್ಲಿ ಆರಂಭವಾದ ಕಲಾ ಉತ್ಸವದಲ್ಲಿ ಪ್ರೌಢ ಹಂತದವರಿಗೆ ಮೂರು ಆಯಾಮದ ದೃಶ್ಯಕಲೆಯೂ ನಂತರದ ವರ್ಷಗಳಲ್ಲಿ ಸ್ಥಳೀಯ ಆಟಿಕೆಗಳೂ ಪ್ರತ್ಯೇಕ ವಿಭಾಗಗಳಾದವು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಬಡಗಿ, ತೋಟಗಾರರ ಜೊತೆಯಲ್ಲಿ ಕುಂಬಾರನನ್ನೂ ಹೆಸರಿಸಿ, ಚೀಲವಿಲ್ಲದ ಹತ್ತು ದಿನಗಳಲ್ಲಿ ಮಕ್ಕಳು ಅಂಥವರ ಬಳಿ ಕಲಿಯಬೇಕೆಂದು ಸೂಚಿಸಿತು. ಆದರೆ ಅದು ಆರರಿಂದ ಎಂಟನೆಯ ತರಗತಿಗೆ ಹೇಳಿದ ಮಾತು. ೨೦೨೩ರಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆ ಕುಂಬಾರರನ್ನು ಒಳಗೊಂಡಿದೆಯಾದರೂ ಅದಕ್ಕೆ ಹದಿನೆಂಟು ತುಂಬಿರಬೇಕು. ಹೀಗೆ ಮಣ್ಣು ಬಾಲ್ಯಕ್ಕೆ ಆಟವಾಗಿ, ಪ್ರಾಯಕ್ಕೆ ಕಸುಬಾಗಿ ಲಭ್ಯವಿದೆ. ನಡುವಿನ ಪ್ರೌಢಶಾಲೆಯ ವರ್ಷಗಳಲ್ಲಿ ಅದು ಕಲೆಯಾಗಬೇಕಿತ್ತು. ಸ್ಪರ್ಧೆಯ ಒಂದು ವಿಭಾಗವು ಆ ತೆರವನ್ನು ತುಂಬದು. ಸ್ಪರ್ಧೆ ಇರುವುದನ್ನು ಅಳೆಯುತ್ತದೆ, ಇಲ್ಲದ್ದನ್ನು ಕಲಿಸುವುದಿಲ್ಲ.

ಕಲಿಸುವುದಾದರೆ ಯಾವ ಮಣ್ಣಿನಿಂದ ಎಂಬುದು ಮೊದಲ ತೊಡಕು. ಇದೇ ಜಿಲ್ಲೆಯ ದಕ್ಷಿಣದಲ್ಲಿ ಖಾನಾಪುರವಿದೆ. ಅಲ್ಲಿನ ಕೆಂಪು ಜೇಡಿಮಣ್ಣು ಮಡಕೆಗೂ ಹಂಚಿಗೂ ಹೆಸರಾದದ್ದು, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲಿಯೇ. ಚಿಕ್ಕೋಡಿ ಸೀಮೆಗೆ ಆ ಅದೃಷ್ಟವಿಲ್ಲ. ಎರೆಮಣ್ಣಿನ ಮುಖ್ಯ ಖನಿಜವಾದ ಮಾಂಟ್ಮೋರಿಲೊನೈಟ್ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಬೇಸಿಗೆಯ ಹೊಲದ ಬಿರುಕುಗಳೇ ಅದಕ್ಕೆ ಸಾಕ್ಷಿ. ಮಣ್ಣಿನಲ್ಲಿರುವ ಸುಣ್ಣದ ಹರಳುಗಳು ಇನ್ನೊಂದು ಕಂಟಕ. ಬೆಂಕಿಯಲ್ಲಿ ಸುಟ್ಟಸುಣ್ಣವಾಗುವ ಹರಳು ಅನಂತರ ಗಾಳಿಯ ತೇವ ಹೀರಿ ಹಿಗ್ಗಿ, ಚೆನ್ನಾಗಿಯೇ ಬೆಂದ ಪಾತ್ರೆಯ ಮೈಯಿಂದ ಕೆಲವು ದಿನಗಳ ಮೇಲೆ ಚಕ್ಕೆ ಎಬ್ಬಿಸುತ್ತದೆ. ಆದ್ದರಿಂದಲೇ ಕುಂಬಾರರು ಕೆರೆಯ ಗೋಡು, ಹೊಳೆಸಾಲಿನ ಮಣ್ಣು, ಮಸಾರಿ ಇವುಗಳನ್ನು ಅಳತೆಯಿಂದ ಬೆರೆಸಿ, ಸೋಸಿ, ಮರಳು, ಬೂದಿ ಅಥವಾ ಲದ್ದಿಯನ್ನು ಕೂಡಿಸುವುದು. ಈ ಬೆರಕೆಯ ಜ್ಞಾನ ಪಠ್ಯಪುಸ್ತಕದಲ್ಲಿಲ್ಲ. ಆವಿಗೆ ಆರಿಹೋದ ಮನೆಗಳಲ್ಲಿ ಅದು ಹಿರಿಯರ ನೆನಪಿನಲ್ಲಷ್ಟೇ ಉಳಿದಿದೆ. ಅಂಗಡಿಯಿಂದ ಬಣ್ಣಬಣ್ಣದ ಎಣ್ಣೆಜೇಡಿಯ ಪೊಟ್ಟಣ ತಂದು ಕೊಡುವ ಶಾಲೆ ಈ ಜ್ಞಾನವನ್ನು ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ಎಣ್ಣೆಜೇಡಿ ಒಣಗದು, ಕುಗ್ಗದು, ಬಿರಿಯದು, ಬೇಯದು. ಅದರಿಂದ ಮಾಡಿದ್ದು ಎಷ್ಟೇ ಚೆಂದವಾದರೂ ಮೃತ್ಕಲೆಯಲ್ಲ.

ಎರಡನೆಯ ತೊಡಕು ಬೆಂಕಿ. ಬೇಯಿಸದ ಮಣ್ಣು ಮೂರ್ತಿಯಾಗಬಹುದು, ಸಿರಾಮಿಕ್ ಆಗಲಾರದು. ಸುಮಾರು ೪೫೦ರಿಂದ ೬೦೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮಣ್ಣಿನ ಕಣದೊಳಗೆ ಬೆಸೆದಿರುವ ನೀರು ಬಿಟ್ಟುಹೋದ ಮೇಲೆ ಅದು ಮತ್ತೆಂದೂ ಕೆಸರಾಗದು. ೫೭೩ ಡಿಗ್ರಿಯಲ್ಲಿ ಬೆಣಚಿನ ಹರಳು ರೂಪ ಬದಲಿಸಿ ಹಿಗ್ಗುತ್ತದೆ. ಆ ಹಂತವನ್ನು ಅವಸರದಿಂದ ದಾಟಿಸಿದರೆ ಪಾತ್ರೆ ಸೀಳುತ್ತದೆ. ಸುಡುವಾಗ ಮೂರ್ತಿ ಒಡೆದರೆ ಒಳಗೆ ಗಾಳಿಗುಳ್ಳೆ ಇತ್ತೆಂದು ಹೇಳುವ ರೂಢಿ ಎಲ್ಲೆಡೆ ಇದೆ. ಬಹುಮಟ್ಟಿಗೆ ಒಡೆಯುವುದು ಗಾಳಿಯಿಂದಲ್ಲ, ಪೂರ್ತಿ ಒಣಗದ ದಪ್ಪ ಭಾಗದಲ್ಲಿ ಉಳಿದ ತೇವ ಆವಿಯಾಗಿ ಹೊರಬರಲು ದಾರಿ ಕಾಣದಿರುವುದರಿಂದ. ಇಂಥ ಒಂದು ಸಂಗತಿಯಿಂದಲೇ ಎಂಟನೆಯ ತರಗತಿಯ ವಿಜ್ಞಾನದ ಎಷ್ಟೋ ಪಾಠಗಳನ್ನು ಎಳೆಯಬಹುದು. ಗಾಳಿಯಾಡುವ ಬೆಂಕಿಯಲ್ಲಿ ಕೆಂಪಾಗುವ ಮಣ್ಣು ಹೊಗೆ ಮುಚ್ಚಿದ ಬೆಂಕಿಯಲ್ಲಿ ಕಪ್ಪಾಗುವುದೇಕೆಂಬುದು ಕಬ್ಬಿಣದ ಆಕ್ಸೈಡಿನ ಪಾಠ. ಬೆಳಗಾವಿಯ ಬಳಿ ವಡಗಾವಿ-ಮಾಧವಪುರದಲ್ಲಿ ಡಾ. ಅ. ಸುಂದರ ಅವರು ಉತ್ಖನನ ಮಾಡಿದ ಸಾತವಾಹನ ಕಾಲದ ನಗರದಂಥ ನೆಲೆಗಳನ್ನು ವಿದ್ವಾಂಸರು ಓದುವುದು ಮುಖ್ಯವಾಗಿ ಮಡಕೆಚೂರುಗಳಿಂದ. ಚೂರಿನ ಬಣ್ಣ ನೋಡಿ ಬೆಂಕಿಯ ಗುಣ ಹೇಳಬಲ್ಲ ವಿದ್ಯಾರ್ಥಿಗೆ ಇತಿಹಾಸದ ಪುಸ್ತಕವೂ ಬೇರೆಯಾಗಿ ತೆರೆದುಕೊಳ್ಳುತ್ತದೆ.

ವಿದ್ಯುತ್ ಒಲೆ ಇಲ್ಲವೆಂಬುದು ಇಲ್ಲಿ ಸಾಮಾನ್ಯವಾಗಿ ಕೇಳಿಬರುವ ನೆವ. ತೆರೆದ ಆವಿಗೆಯಲ್ಲಿ ದೊರೆಯುವ ೭೦೦–೮೦೦ ಡಿಗ್ರಿ ಶಾಖ ಶಾಲೆಯ ಸಣ್ಣ ಕೃತಿಗಳಿಗೆ ಸಾಕು. ಕುಳ್ಳು, ಕಟ್ಟಿಗೆಗಳ ಜೊತೆಗೆ ಕಬ್ಬಿನ ಸೀಮೆಯಲ್ಲಿ ರವದಿಗೆ ಬರವಿಲ್ಲ. ಹೊಲದಲ್ಲಿ ಸುಮ್ಮನೆ ಸುಟ್ಟುಹೋಗುವ ರವದಿಯು ಒಂದು ಆವಿಗೆಗೆ ಒದಗಿದರೆ ನಷ್ಟವೇನೂ ಇಲ್ಲ. ಎಚ್ಚರ ಬೇಕಾದದ್ದು ಮೆರುಗಿನ ವಿಷಯದಲ್ಲಿ. ಕಡಿಮೆ ಶಾಖಕ್ಕೆ ಕರಗುವುದೆಂದು ಸೀಸದ ಮೆರುಗನ್ನು ಮಕ್ಕಳ ಕೈಗೆ ಕೊಡುವುದು ಅಕ್ಷಮ್ಯ. ಒಣಮಣ್ಣಿನ ಪುಡಿಯನ್ನು ಗುಡಿಸಿ ಧೂಳೆಬ್ಬಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕೆಂಬುದೂ ಪಾಠದ ಭಾಗವೇ. ಮೆರುಗಿಲ್ಲದೆ, ಕೆಮ್ಮಣ್ಣಿನ ಲೇಪ ಮತ್ತು ನಯಗಲ್ಲಿನ ಉಜ್ಜುವಿಕೆಯಿಂದಲೇ ಮೇಲ್ಮೈಯನ್ನು ಸಾಧಿಸುವ ಕುಂಬಾರರ ರೀತಿ ಪ್ರೌಢಶಾಲೆಗೆ ಹೆಚ್ಚು ಹೊಂದುತ್ತದೆ.

ಇನ್ನು ಯಾರು ಕಲಿಸಬೇಕೆಂಬ ಪ್ರಶ್ನೆ. ತಿಗರಿಯನ್ನು ಬಲ್ಲವನಿಗೆ ಪದವಿಯಿಲ್ಲ, ಪದವಿಯುಳ್ಳವನಿಗೆ ತಿಗರಿ ತಿಳಿಯದು. ಕುಂಬಾರನನ್ನು ವರ್ಷಕ್ಕೊಮ್ಮೆ ಶಾಲೆಗೆ ಕರೆಸಿ, ತಿಗರಿ ತಿರುಗಿಸಿ ತೋರಿಸಿ, ಶಾಲು ಹೊದಿಸಿ ಕಳುಹಿಸುವುದು ಗೌರವದ ಪ್ರದರ್ಶನವಾದೀತೇ ಹೊರತು ಬೋಧನೆಯಾಗದು. ಇಲ್ಲಿ ಇನ್ನೊಂದು ಮಗ್ಗುಲನ್ನೂ ಮರೆಯಲಾಗದು. ಕಸುಬಿನ ಶಿಕ್ಷಣವು ಮಕ್ಕಳನ್ನು ಅವರವರ ಜಾತಿಯ ಕಸುಬಿಗೇ ಕಟ್ಟಿಹಾಕಬಹುದೆಂಬ ಭಯ ನಿರಾಧಾರವಲ್ಲ. ೧೯೫೩ರಲ್ಲಿ ಮದ್ರಾಸ್ ರಾಜ್ಯದಲ್ಲಿ ರಾಜಾಜಿಯವರ ಸರ್ಕಾರ ಅರ್ಧ ದಿನ ಶಾಲೆ, ಅರ್ಧ ದಿನ ಮನೆಯ ಕಸುಬು ಎಂಬ ಯೋಜನೆ ತಂದಾಗ ಅದು ಕುಲಶಿಕ್ಷಣವೆಂಬ ತೀವ್ರ ಪ್ರತಿಭಟನೆ ಎದುರಾಗಿ ಮರುವರ್ಷವೇ ಅದನ್ನು ಕೈಬಿಡಬೇಕಾಯಿತು. ಮಕ್ಕಳನ್ನು ಮಣ್ಣಿನಿಂದ ಬಿಡಿಸಲೆಂದೇ ಶಾಲೆಗೆ ಕಳುಹಿಸುವ ಕುಂಬಾರ ಮನೆತನದ ಆಯ್ಕೆಯನ್ನು ಕಲೆಯ ಹೆಸರಿನಲ್ಲಿ ದೂರುವ ಹಕ್ಕು ಯಾವ ವಿಮರ್ಶಕನಿಗೂ ಇಲ್ಲ. ತಪ್ಪಿರುವುದು ಬೇರೆಡೆ. ಮಣ್ಣಿನ ಕೆಲಸವು ತರಗತಿಯ ಎಲ್ಲ ಮಕ್ಕಳ ಪಾಠವಾದಾಗ ಅದು ಜಾತಿಯ ಗುರುತಾಗಿ ಉಳಿಯದು. ಕುಂಬಾರರ ಮಗುವೊಂದೇ ಅದನ್ನು ಬಲ್ಲುದೆಂದು ಎಲ್ಲರೂ ತಿರುಗಿ ನೋಡುವಾಗ ಉಳಿಯುತ್ತದೆ. ತಿಗರಿ ಗಂಡಸರದು, ಬಡಿಯುವುದು ಒರೆಯುವುದು ಹೆಂಗಸರದು ಎಂಬ ಹಳೆಯ ಹಂಚಿಕೆಯನ್ನೂ ಶಾಲೆಯೇ ಮುರಿಯಬಲ್ಲದು. ಅಷ್ಟಕ್ಕೂ ತಿಗರಿ ಮೊದಲ ಪಾಠವಾಗಬೇಕಿಲ್ಲ. ರೊಟ್ಟಿ ಬಡಿಯುವುದನ್ನು ಕಂಡ ಕೈಗೆ ಮಣ್ಣಿನ ಹಾಳೆಯನ್ನು ತಟ್ಟುವುದೂ ದೀಪದ ಬತ್ತಿ ಹೊಸೆದ ಕೈಗೆ ಮಣ್ಣಿನ ಬತ್ತಿಯನ್ನು ಹೊಸೆದು ಸುತ್ತುವುದೂ ಹೊಸದಲ್ಲ.

ಗಡಿಭಾಗವೆಂಬ ಕಾರಣಕ್ಕೆ ಭಾಷೆಯ ವಿಷಯವೂ ಇಲ್ಲಿ ಬರುತ್ತದೆ. ಈ ತಾಲ್ಲೂಕುಗಳಲ್ಲಿ ಕನ್ನಡ ಮಾಧ್ಯಮದ ಜೊತೆಗೆ ಮರಾಠಿ, ಉರ್ದು ಮಾಧ್ಯಮದ ಶಾಲೆಗಳೂ ಇವೆ. ವಿವಾದಗಳು ಏನೇ ಇರಲಿ, ಕುಂಬಾರನ ಅಂಗಳದಲ್ಲಿ ಎರಡು ಭಾಷೆಗಳು ಬಹಳ ಹಿಂದೆಯೇ ಸಂಧಿ ಮಾಡಿಕೊಂಡಿವೆ. ಕನ್ನಡದ ಮಡಕೆ ಮರಾಠಿಯ ಮಡಕೆಂ, ಗಡಿಗೆ ಅಲ್ಲಿ ಗಾಡಗೆಂ, ಪಣತಿ ಎರಡರಲ್ಲೂ ಪಣತಿ, ಆವಿಗೆ ಅಲ್ಲಿ ಆವಾ. ತಿಗರಿಗೆ ಮಾತ್ರ ಅಲ್ಲಿ ಚಾಕ ಎಂಬ ಬೇರೆ ಮಾತು. ಮೂರೂ ಮಾಧ್ಯಮದ ಮಕ್ಕಳು ಒಂದೇ ಆವಿಗೆಯ ಸುತ್ತ ಕೂಡಬಹುದಾದ ಪಾಠ ಬೇರೆ ಯಾವ ವಿಷಯದಲ್ಲಿಯೂ ಇಷ್ಟು ಸಲೀಸಾಗಿ ಸಿಗದು.

ಇತ್ತೀಚಿನ ವರ್ಷಗಳಲ್ಲಿ ಶಾಲೆಗಳಿಗೆ ಮಣ್ಣು ಮರಳಿ ಬಂದಿರುವುದು ಗಣಪತಿಯ ನೆಪದಲ್ಲಿ. ನಿಪ್ಪಾಣಿಯಿಂದ ಸುಮಾರು ೪೦ ಕಿ.ಮೀ. ದೂರದ ಕೊಲ್ಲಾಪುರದ ಕುಂಬಾರ ಓಣಿಗಳು ಗಣೇಶಮೂರ್ತಿಗಳ ದೊಡ್ಡ ನೆಲೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮತ್ತು ಅಚ್ಚು ಬಂದ ಮೇಲೆ ಅಳತೆ ಬೆಳೆಯಿತು, ಕೈಯ ಗುರುತು ಅಳಿಯಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ೨೦೧೦ರಲ್ಲಿ ಹೊರಡಿಸಿ ೨೦೨೦ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಗಳ ಹಿನ್ನೆಲೆಯಲ್ಲಿ ‘ಪರಿಸರಸ್ನೇಹಿ ಗಣಪ’ನ ಕಾರ್ಯಾಗಾರಗಳು ಶಾಲೆಗಳಲ್ಲಿ ರೂಢಿಗೆ ಬಂದಿವೆ. ಉದ್ದೇಶ ಒಳ್ಳೆಯದು. ಆದರೆ ಕಲೆಯ ದೃಷ್ಟಿಯಿಂದ ನೋಡಿದರೆ ಅಲ್ಲಿ ಬದಲಾದದ್ದು ಪದಾರ್ಥ ಮಾತ್ರ. ಪ್ಲಾಸ್ಟರಿನ ಮೂರ್ತಿಯ ಕಿರೀಟ, ಪೀಠ, ಅಭಯಹಸ್ತಗಳನ್ನೇ ಮಣ್ಣಿನಲ್ಲಿ ನಕಲಿಸಲಾಗುತ್ತದೆ. ತೆಳ್ಳನೆಯ ಕೈಬೆರಳು ಒಣಗುವ ಮುನ್ನವೇ ಉದುರುತ್ತದೆ, ಮಗು ತನ್ನ ಕೈಗೆ ಕಲೆ ಒಲಿಯದೆಂದು ತೀರ್ಮಾನಿಸುತ್ತದೆ. ಸೋತದ್ದು ಮಗುವಲ್ಲ; ಅಚ್ಚಿಗೆ ಹುಟ್ಟಿದ ರೂಪವನ್ನು ಕೈಗೆ ಹೇರಿದ ಬೋಧನೆ. ಅದೇ ಮಗು ಎರಡು ತಿಂಗಳ ಹಿಂದೆ ಮನೆಯಲ್ಲಿ ಮಾಡಿದ ಮಣ್ಣೆತ್ತಿನ ಗಿಡ್ಡ ಕಾಲುಗಳನ್ನು ನೆನಪಿಸಿಕೊಂಡು, ಸೊಂಡಿಲನ್ನು ಎದೆಗೆ ಅಂಟಿಸಿ, ಕೈಗಳನ್ನು ಮೈಯಿಂದಲೇ ಚಿವುಟಿ ಎಳೆದು ಗಣಪನನ್ನು ಕೂರಿಸಿದ್ದರೆ ಮೂರ್ತಿ ನಿಲ್ಲುತ್ತಿತ್ತು.

ಮೌಲ್ಯಮಾಪನವೂ ಇದೇ ಜಾಡಿನಲ್ಲಿ ಬದಲಾಗಬೇಕಾಗುತ್ತದೆ. ಸ್ಪರ್ಧೆಯ ತೀರ್ಪುಗಾರನ ಮುಂದೆ ನಿಗದಿತ ವೇಳೆಯೊಳಗೆ ಮುಗಿದ ಹಸಿ ಮೂರ್ತಿ ಇರುತ್ತದೆ. ಹೋಲಿಕೆ ಮತ್ತು ನಯಗಳಿಗೆ ಅಂಕ ಬೀಳುತ್ತದೆ. ಆ ಮೂರ್ತಿ ಮರುದಿನ ಬಿರಿಯಿತೇ, ಎಷ್ಟು ಕುಗ್ಗಿತು, ಆವಿಗೆಯಿಂದ ಹೇಗೆ ಹೊರಬಂತು ಎಂಬುದನ್ನು ಯಾರೂ ಕೇಳುವುದಿಲ್ಲ. ಮಣ್ಣನ್ನು ಎಲ್ಲಿಂದ ತಂದದ್ದು, ಏನು ಬೆರೆಸಿದ್ದು, ಎಷ್ಟು ದಿನ ನೆರಳಲ್ಲಿ ಒಣಗಿಸಿದ್ದು, ಎಲ್ಲಿ ಒಡೆಯಿತು, ಎರಡನೆಯ ಸಲ ಏನು ಬದಲಿಸಿದ್ದು ಎಂದು ವಿದ್ಯಾರ್ಥಿಯೇ ಬರೆದಿಟ್ಟ ಒಂದು ವಹಿ, ಅದರ ಜೊತೆಗೆ ಒಡೆದ ತುಂಡು ಮತ್ತು ಒಡೆಯದೆ ಉಳಿದ ತುಂಡು, ಇಷ್ಟಿದ್ದರೆ ಎಂಟು, ಒಂಬತ್ತು, ಹತ್ತನೆಯ ತರಗತಿಗಳ ಮೂರು ಆವಿಗೆಗಳಿಗೆ ಬೇಕಾದ ಪಠ್ಯಕ್ರಮ ಸಿದ್ಧವಾಗುತ್ತದೆ. ಎರೆಯ ಊರಿನ ಶಾಲೆಯ ವಹಿಗೂ ಹೊಳೆಸಾಲಿನ ಶಾಲೆಯ ವಹಿಗೂ ಲೆಕ್ಕಗಳು ಬೇರೆಯಾಗಿರುತ್ತವೆ.